ಚಪ್ಪಡಿಯ ಮೇಲೆ ಉಳಿದ ಡಬ್ಬಿ

ಕಳೆದ ಭಾನುವಾರ ಹೊಸಕೋಟೆಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂತಿದ್ದೆ. ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ, ಅಷ್ಟೆ. ಪಕ್ಕದ ಕುರ್ಚಿಯ ಹೆಂಗಸಿಗೆ ಬಣ್ಣ ಹಚ್ಚಲೆಂದು ಅಲ್ಲಿನ ಹುಡುಗಿ ಟ್ಯೂಬೊಂದನ್ನು ಬಟ್ಟಲಿಗೆ ಹಿಂಡಿ ಬ್ರಷ್ಷಿನಿಂದ ಕಲಸತೊಡಗಿದಳು. ಆ ವಾಸನೆ ಮೂಗಿಗೆ ಬಡಿಯಿತು. ಮುಂದೆ ನನಗೆ ತಿಳಿದದ್ದು ನಾನು ಬಾಗಿಲು ತಳ್ಳಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೇನೆ ಎಂಬುದು. ಹೆಗಲ ಮೇಲೆ ಅವರ ಟವೆಲ್, ತಲೆಯಲ್ಲಿ ಅರ್ಧ ಕತ್ತರಿಸಿದ ಕೂದಲು. ಕೂದಲಿನ ಬಣ್ಣದಲ್ಲಿ ಒಂದಿಷ್ಟು ಅಮೋನಿಯ ಇರುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೇನು... ಕಾಲು ನನ್ನನ್ನು ಕೇಳಿ ಓಡಲಿಲ್ಲ.

ಆ ಮೆಟ್ಟಿಲ ಮೇಲೆ ಮಿಷನ್ ಮಾವ ನೆನಪಾದರು.

ಅವರು ನನಗೆ ಮಾವನೂ ಅಲ್ಲ, ದೂರದ ಸಂಬಂಧಿಯೂ ಅಲ್ಲ. ನಂದಗುಡಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಶೀತಗೃಹದಲ್ಲಿ ಕೋಣೆಗಳನ್ನು ತಣ್ಣಗಿಡುವ ಅಮೋನಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಕ್ಯಾರೆಟ್, ಬೀನ್ಸ್ ಆರಿಸಿ ಕ್ರೇಟುಗಳಿಗೆ ತುಂಬುತ್ತಿದ್ದ ಹೆಂಗಸರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಾನಾಗ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಗೋದಾಮು, ಶೀತಗೃಹಗಳಲ್ಲಿ ದುಡಿಯುವವರು ದಿನವಿಡೀ ಮುಟ್ಟುವ ಪರದೆಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಕೈಗವಸು ಹಾಕಿದವರು ಹೇಗೆ ಒತ್ತಬೇಕು... ಇಂಥವು. ಅದಕ್ಕೆ ಮೊದಲು ಅವರ ಕೆಲಸವನ್ನು ಕೂತು ನೋಡಬೇಕಿತ್ತು. ಒಂದು ವಾರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತೆ.

ಹೆಂಗಸರ ತಂಡಕ್ಕೆ ಮುಂದಾಳಾಗಿದ್ದ ಲೀಡರ್ ಅಕ್ಕ ಮೂರನೆಯ ದಿನ ಕೇಳಿಯೇಬಿಟ್ಟಳು.

"ನಾವ್ ಕೆಲ್ಸ ಮಾಡೋದ್ನ ನೋಡೋದೇ ನಿಮ್ ಕೆಲ್ಸಾನಾ ಮೇಡಂ?"

"ಹೂಂ ಅಕ್ಕ."

"ನಮ್ಮತ್ತೆನೂ ಅದೇ ಮಾಡ್ತಿದ್ಲು. ಪಾಪ, ಸಂಬ್ಳ ಇಲ್ದಲೇ ಹೋದ್ಲು."

ಎಲ್ಲರೂ ನಕ್ಕರು. ಯಂತ್ರದ ಕೋಣೆಯ ಬಾಗಿಲಲ್ಲಿ ಕೂತಿದ್ದ ಮಿಷನ್ ಮಾವನೂ ನಕ್ಕರು. ಅರವತ್ತರ ಹತ್ತಿರದ ವಯಸ್ಸು, ಎಣ್ಣೆಯ ಕಲೆಗಳ ಖಾಕಿ ಅಂಗಿ, ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲ್. ಗಂಟೆಗೊಮ್ಮೆ ಎದ್ದು ಹೋಗಿ ಕೊಳವೆಗಳನ್ನು ಮುಟ್ಟಿ ನೋಡಿ, ಒತ್ತಡದ ಅಂಕಿಗಳನ್ನು ಪುಸ್ತಕದಲ್ಲಿ ಬರೆದು, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರ ಕುರ್ಚಿಯ ಎದುರಿಗೆ ಒಂದು ಉದ್ದನೆಯ ಕಲ್ಲು ಚಪ್ಪಡಿ ಇತ್ತು. ತಣ್ಣಗಿನ ಕೋಣೆಗಳ ಒಳಗೆ ಊಟ ಒಯ್ಯುವಂತಿರಲಿಲ್ಲವಾದ್ದರಿಂದ ಹೆಂಗಸರು ಬೆಳಿಗ್ಗೆ ತಮ್ಮ ಡಬ್ಬಿಗಳನ್ನು ಆ ಚಪ್ಪಡಿಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಮಧ್ಯಾಹ್ನ ಬಂದು ಎತ್ತಿಕೊಂಡು ಹೊಂಗೆ ಮರದ ಕೆಳಗೆ ಊಟಕ್ಕೆ ಕೂರುತ್ತಿದ್ದರು.

ಅದರಲ್ಲಿ ಮಿಷನ್ ಮಾವನ ಒಂದು ಕಟ್ಟುನಿಟ್ಟು ಇತ್ತು. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಎತ್ತುವಂತಿಲ್ಲ. ಒಮ್ಮೆ ಲೀಡರ್ ಅಕ್ಕ ತನ್ನದರ ಜೊತೆಗೆ ಗೆಳತಿಯ ಡಬ್ಬಿಯನ್ನೂ ತೆಗೆದುಕೊಂಡು ಹೊರಟಾಗ ಅವರು ಕೂತಲ್ಲಿಂದಲೇ ತಡೆದರು.

"ಇಡು ಅಲ್ಲಿ. ಅವ್ಳಿಗೇನ್ ಕೈ ಇಲ್ವಾ?"

"ಹಿಂದ್ಗಡೇನೇ ಬರ್ತಾವ್ಳೆ ಮಾವ."

"ಬರ್ಲಿ. ಬಂದು ಅವ್ಳೇ ಎತ್ಕಳ್ಲಿ."

ಲೀಡರ್ ಅಕ್ಕ ಗೊಣಗುತ್ತ ಡಬ್ಬಿಯನ್ನು ಅದೇ ಜಾಗದಲ್ಲಿ ಇಟ್ಟಳು. ನಾನು ನೋಟ್‌ಬುಕ್ಕಿನಲ್ಲಿ 'ಡಬ್ಬಿ, ಹಿರಿಯರ ಹಟ' ಎಂದು ಬರೆದುಕೊಂಡೆ. ಆ ಪುಟ ಈಗಲೂ ನನ್ನ ಬಳಿ ಇದೆ.

ನಾನು ಬಿಡಿಸಬೇಕಾಗಿದ್ದ ತೊಡಕು ಬೇರೆಯೇ ಇತ್ತು. ಒಳಗೆ ಹೋಗುವಾಗ, ಹೊರಗೆ ಬರುವಾಗ ಪ್ರತಿಯೊಬ್ಬರೂ ಗೋಡೆಯ ಮೇಲಿನ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ಥಂಡಿಯಲ್ಲಿ ಮರಗಟ್ಟಿದ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ. ಉಜ್ಜಿ ಒತ್ತಿ, ಊದಿ ಒತ್ತಿ, ಊಟದ ಹೊತ್ತಿನಲ್ಲಿ ಬಾಗಿಲ ಬಳಿ ದೊಡ್ಡ ಸಾಲಾಗುತ್ತಿತ್ತು. ಮ್ಯಾನೇಜರಿಗೆ ಹೊತ್ತು ಹಾಳಾಗುತ್ತದೆಂಬ ಚಿಂತೆ, ಹೆಂಗಸರಿಗೆ ಮುದ್ದೆ ಆರುತ್ತದೆಂಬ ಸಿಟ್ಟು. ನಾನು ಆ ಯಂತ್ರವನ್ನು ತೆಗೆಸಿ, ಲೀಡರ್ ಅಕ್ಕನ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟೆ. ಅದರಲ್ಲಿ ಅಂಗೈಯಗಲದ ಹಸಿರು ಗುಂಡಿ. ಊಟಕ್ಕೆ ಹೊರಟಾಗ ಅವಳು ಒಮ್ಮೆ ಒತ್ತಿದರೆ 'ಎಲ್ಲರೂ ಹೊರಗೆ' ಎಂದು ದಾಖಲಾಗುತ್ತಿತ್ತು. ಅದರ ಕೆಳಗೆ ಯಾರು ಎಷ್ಟು ಕ್ರೇಟ್ ತುಂಬಿದರು ಎಂಬ ಪಟ್ಟಿ. ದಿನದ ಪಾಲು ಮುಗಿಸಿದವರ ಹೆಸರು ಹಸಿರಾಗುತ್ತಿತ್ತು, ಅವರು ಬೇಗ ಮನೆಗೆ ಹೋಗಬಹುದಿತ್ತು. ಬಾಗಿಲ ಸಾಲು ಒಂದೇ ದಿನದಲ್ಲಿ ಮಾಯವಾಯಿತು. ಹೆಂಗಸರು ಹೊಗಳಿದರು. ಮ್ಯಾನೇಜರ್ ನಮ್ಮ ಕಂಪನಿಗೆ ಮೆಚ್ಚಿ ಪತ್ರ ಬರೆದರು. ನನಗಂತೂ ನೆಲದ ಮೇಲೆ ಕಾಲಿರಲಿಲ್ಲ.

ಮಿಷನ್ ಮಾವನಿಗೂ ತೋರಿಸಿದೆ. ಕನ್ನಡಕವನ್ನು ಟವೆಲಿನಲ್ಲಿ ಒರೆಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

"ಚೆಂದಾಗೈತೆ ಕಣವ್ವ. ನನ್ ಮೊಮ್ಮಗೂನೂ ಒತ್ತಬೋದು. ಆದ್ರೆ ಒಬ್ಳು ಒಳ್ಗೇ ಉಳ್ಕಂಡ್ಲು ಅಂತಿಟ್ಕ. ಇದ್ರಾಗೆ ಎಲ್ಲಿ ಕಾಣ್ತದೆ?"

"ಊಟಕ್ಕೆ ಯಾರು ಉಳೀತಾರೆ ಮಾವ? ಎಲ್ಲಾರೂ ಬಂದೇ ಬರ್ತಾರಲ್ಲ."

ಅವರು ಕೊಳವೆಗಳನ್ನು ನೋಡಲು ಎದ್ದು ಹೋದರು. ನಾನು ನೋಟ್‌ಬುಕ್ಕಿನಲ್ಲಿ 'ಒಬ್ಬರು ಉಳಿದರೆ? ಆಮೇಲೆ ನೋಡುವುದು' ಎಂದು ಬರೆದೆ. ಆಮೇಲೆ... ಎಷ್ಟು ಸಲೀಸಾಗಿ ಬರೆದಿದ್ದೆ ಆ ಮಾತನ್ನು.

ಕೆಲವು ತಿಂಗಳ ನಂತರ ಹೊಸ ಪರದೆ ಹೇಗೆ ನಡೆಯುತ್ತಿದೆ ಎಂದು ನೋಡಲು ಮತ್ತೆ ಹೋಗಿದ್ದೆ. ಊಟದ ಬಿಡುವು ಆಗಷ್ಟೇ ಶುರುವಾಗಿತ್ತು. ಲೀಡರ್ ಅಕ್ಕ ಗುಂಡಿ ಒತ್ತಿದಳು. ಹೆಂಗಸರು ಡಬ್ಬಿ ಎತ್ತಿಕೊಂಡು ಮರದ ಕೆಳಗೆ ಕೂತರು. ನಾನು ಟ್ಯಾಬ್ಲೆಟ್ ಹಿಡಿದು ಅವರ ಪಕ್ಕದಲ್ಲಿದ್ದೆ. ಒಳಗಿನಿಂದ ಏನೋ ಬಿರಿದಂಥ ಸದ್ದು ಬಂತು, ಹಿಂದೆಯೇ ಆ ವಾಸನೆ. ವಾಸನೆ ಎನ್ನುವುದು ಸರಿಯಾದ ಮಾತಲ್ಲ. ಕಣ್ಣಿಗೂ ಗಂಟಲಿಗೂ ಒಟ್ಟಿಗೆ ಸೂಜಿ ಚುಚ್ಚಿದಂತಿತ್ತು. ಬಾಗಿಲ ಪ್ಲಾಸ್ಟಿಕ್ ಪರದೆಗಳ ನಡುವಿನಿಂದ ಬೆಳ್ಳಗೆ ಹೊಗೆಯಂಥದ್ದು ನೆಲ ಹಿಡಿದು ಬರತೊಡಗಿತು. ಮಿಷನ್ ಮಾವ ಯಂತ್ರಗಳನ್ನು ನಿಲ್ಲಿಸಿ, ಗ್ಯಾಸಿನ ವಾಲ್ವ್ ಮುಚ್ಚಿ ಹೊರಗೆ ಓಡಿ ಬಂದರು. ಗಾಳಿ ಬರುವ ಕಡೆಗೆ ಹೋಗಿ ನಿಲ್ಲುವಂತೆ, ಸೆರಗು ನೆನೆಸಿ ಮೂಗಿಗೆ ಹಿಡಿಯುವಂತೆ ಎಲ್ಲರಿಗೂ ಕೂಗಿ ಹೇಳಿದರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ಪರದೆ ನೋಡಿದೆ. ಒಳಗಿರುವವರು ಸೊನ್ನೆ ಎಂದಿತ್ತು.

"ಒಳಗೆ ಯಾರೂ ಇಲ್ಲ ಸರ್," ಎಂದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

ಈ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮೀಟಿಂಗಿನ ನಡುವೆ ನನ್ನದೇ ದನಿಯಲ್ಲಿ ಕೇಳುತ್ತದೆ. ಅದನ್ನು ಕೇಳಿ ಎಲ್ಲರೂ ಒಮ್ಮೆ ಉಸಿರು ಬಿಟ್ಟರು. ಮಿಷನ್ ಮಾವ ಮಾತ್ರ ಪರದೆಯ ಕಡೆಗೆ ನೋಡಲೇ ಇಲ್ಲ. ಅವರ ಕಣ್ಣು ಚಪ್ಪಡಿಯ ಮೇಲಿತ್ತು. ಅಲ್ಲಿ ಒಂದು ಸ್ಟೀಲ್ ಡಬ್ಬಿ ಉಳಿದಿತ್ತು, ಮುಚ್ಚಳ ಬಿಚ್ಚಿಕೊಳ್ಳದಿರಲೆಂದು ಕೆಂಪು ಹೇರ್‌ಬ್ಯಾಂಡ್ ಸುತ್ತಿದ್ದ ಡಬ್ಬಿ.

"ಇದ್ಯಾರ್ದು?"

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಲೀಡರ್ ಅಕ್ಕನ ಮುಖದ ಬಣ್ಣ ಇಳಿಯಿತು. "ಹಸ್ರು ಸ್ವೆಟ್ರು ಹಾಕ್ತಾಳಲ್ಲ, ಅವ್ಳ್ದು ಮಾವ... ಮಗೀನ ಸ್ಕೂಲಲ್ಲಿ ಮೀಟಿಂಗೈತೆ, ಬೇಗ ಹೋಗ್ಬೇಕು ಅಂತಿದ್ಲು."

"ಹೋಗಿರ್ಬೇಕು ಬಿಡ್ರಿ. ಸಿಸ್ಟಮ್‌ನಲ್ಲಿ ಹೊರಗೆ ಅಂತ ಇದೆ," ಎಂದರು ಮ್ಯಾನೇಜರ್.

"ಊಟ ಬುಟ್ಟು ಹೋಗ್ತಾಳಾ?" ಎಂದಷ್ಟೇ ಹೇಳಿ ಮಿಷನ್ ಮಾವ ಗೋಡೆಯ ಮೇಲಿದ್ದ ಗ್ಯಾಸ್ ಮಾಸ್ಕ್ ತೆಗೆದುಕೊಂಡರು. ಅಲ್ಲಿದ್ದದ್ದು ಅದೊಂದೇ. ಹೆಗಲ ಟವೆಲನ್ನು ನಲ್ಲಿಯಡಿ ಹಿಡಿದು, ಹಿಂಡದೆ ಹಾಗೇ ಕುತ್ತಿಗೆಗೆ ಸುತ್ತಿಕೊಂಡು ಒಳಗೆ ಹೋದರು.

ಅವರು ಎಷ್ಟು ಹೊತ್ತು ಒಳಗಿದ್ದರೋ ನನಗೆ ಗೊತ್ತಿಲ್ಲ. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಗಡಿಯಾರವೂ ಇತ್ತು, ನೋಡುವ ಧೈರ್ಯವಾಗಲಿಲ್ಲ. ಸೊನ್ನೆ ಇನ್ನೂ ಹಾಗೇ ಇತ್ತು, ಈಗ ಅದು ಇಬ್ಬರ ಮಟ್ಟಿಗೆ ಸುಳ್ಳು. ಕೊನೆಗೆ ಪ್ಲಾಸ್ಟಿಕ್ ಪರದೆ ಸರಿಯಿತು. ಹಸಿರು ಸ್ವೆಟರಿನವಳು ಅವರ ತೋಳಿಗೆ ಜೋತುಬಿದ್ದಿದ್ದಳು. ಮಾಸ್ಕ್ ಅವಳ ಮುಖದ ಮೇಲಿತ್ತು. ಮಾವನ ಮುಖದ ಮೇಲಿದ್ದದ್ದು ಬರೀ ಒದ್ದೆ ಟವೆಲ್.

ಅವಳು ಬದುಕಿದಳು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮನೆಗೆ ಹೋದಳು. ಯಾಕೆ ಉಳಿದೆ ಎಂದು ಲೀಡರ್ ಅಕ್ಕ ಕೇಳಿದ್ದಕ್ಕೆ, ಇನ್ನು ಎರಡೇ ಕ್ರೇಟ್ ಇತ್ತು, ಹೆಸರು ಹಸಿರಾಗಿಬಿಟ್ಟರೆ ಹೊರಡಬಹುದಲ್ಲ ಅಂತ ಉಳಿದೆ ಎಂದಳಂತೆ. ಉಳಿಯುವಂತೆ ಮಾಡಿದ್ದೂ ನನ್ನ ಪರದೆ, ಅವಳು ಒಳಗಿಲ್ಲ ಎಂದದ್ದೂ ಅದೇ. ಎಣಿಸದೆ ಗುಂಡಿ ಒತ್ತಿದ್ದು ಲೀಡರ್ ಅಕ್ಕನ ತಪ್ಪೆಂದು ನಮ್ಮ ಕಚೇರಿಯವರು ವರದಿ ಬರೆದರು. ಎಣಿಸುವ ಅಗತ್ಯವೇ ಬೀಳದ ಹಾಗೆ ಆ ಗುಂಡಿಯನ್ನು ಮಾಡಿದವಳು ನಾನು. ವರದಿಯ ಕೆಳಗೆ ಇದನ್ನು ಬರೆದು ಸಹಿ ಹಾಕಿದೆ.

ಮಿಷನ್ ಮಾವನ ಎದೆ ಮಾತ್ರ ಮೊದಲಿನಂತಾಗಲಿಲ್ಲ. ಕೆಲಸ ಬಿಟ್ಟರು. ನಂದಗುಡಿಯ ಆಚೆ ಅವರ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎರಡು ಮಾತಿಗೊಮ್ಮೆ ಕೆಮ್ಮು. ಡಬ್ಬಿಯ ನಿಯಮದ ಗುಟ್ಟನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಗ್ಯಾಸ್ ಸೋರ್ದಾಗ ಲೆಕ್ಕಕ್ಕೆ ಅಂದಿದ್ರೆ ಹೆಣ್ಮಕ್ಳು ಹೆದರ್ಕಂಡು ಕೆಲ್ಸುಕ್ ಬರ್ತಿದ್ರಾ? ಮುದ್ಕನ್ ಹಟ ಅಂದ್ಕಂಡ್ರೆ ನಂಗೇನ್ ನಷ್ಟ."

ಹೊಸ ಪರದೆಯನ್ನು ಜೊತೆಗೆ ಒಯ್ದಿದ್ದೆ. ಅದರಲ್ಲಿ ಹಸಿರು ಗುಂಡಿ ಇರಲಿಲ್ಲ. ಬಾಗಿಲ ಹೊರಗೆ ಪ್ರತಿಯೊಬ್ಬರಿಗೂ ಒಂದು ಕೊಕ್ಕೆ, ಅದರಲ್ಲಿ ಅವರ ಫೋಟೊ ಇರುವ ಬಿಲ್ಲೆ. ಒಳಗೆ ಹೋಗುವಾಗ ಅವರೇ ನೇತುಹಾಕಬೇಕು, ಹೊರಗೆ ಬಂದಾಗ ಅವರೇ ತೆಗೆಯಬೇಕು. ಕೊಕ್ಕೆಯಲ್ಲಿ ಬಿಲ್ಲೆ ಇರುವವರೆಗೂ ಪರದೆಯ ಮೇಲೆ ಅವರ ಮುಖ ಇರುತ್ತದೆ. ಒಬ್ಬರು ಎಲ್ಲರ ಪರವಾಗಿ ಒತ್ತಲು ದಾರಿಯೇ ಇಲ್ಲ. ಮಾವ ಕನ್ನಡಕ ಒರೆಸಿಕೊಂಡು ಮೊದಲಿನಂತೆಯೇ ಬಹಳ ಹೊತ್ತು ನೋಡಿದರು.

"ಈಗ ವಸಿ ಕಷ್ಟ ಮಾಡಿದ್ದೀಯ," ಎಂದರು. ಕೆಮ್ಮು ಬಂತು, ಹೋಯಿತು. "ಅಷ್ಟಿರ್ಲಿ."

ಮುಂದಿನ ಚಳಿಗಾಲಕ್ಕೆ ಅವರಿರಲಿಲ್ಲ. ಅವರ ಮಣ್ಣಿಗೆ ಬಂದವರಲ್ಲಿ ಹಸಿರು ಸ್ವೆಟರಿನವಳೂ ಇದ್ದಳು, ಮಗುವಿನ ಕೈ ಹಿಡಿದುಕೊಂಡು ಒಂದು ಪಕ್ಕಕ್ಕೆ ನಿಂತಿದ್ದಳು.

ಈಗಲೂ ಅದೇ ಕೆಲಸ ಮಾಡುತ್ತೇನೆ. ಹೊಸ ಜಾಗಕ್ಕೆ ಹೋದರೆ ಕಂಪ್ಯೂಟರ್ ನೋಡುವ ಮೊದಲು, ಇಲ್ಲಿ ಕೆಲಸದವರು ಊಟದ ಡಬ್ಬಿ ಎಲ್ಲಿಡುತ್ತಾರೆ ಎಂದು ಕೇಳುತ್ತೇನೆ. ಮ್ಯಾನೇಜರುಗಳು ವಿಚಿತ್ರವಾಗಿ ನೋಡುತ್ತಾರೆ. ಯಾವುದು ಬರೀ ಹಟ, ಯಾವುದು ಯಾರದೋ ಜೀವ ಕಾಯುತ್ತಿರುವ ಅಭ್ಯಾಸ ಎಂದು ನೋಡಿದ ಕೂಡಲೇ ಹೇಳಲು ನನಗೆ ಇನ್ನೂ ಬರುವುದಿಲ್ಲ. ಕೇಳಲು ಮಾವ ಇಲ್ಲ.

ಪಾರ್ಲರಿನ ಮೆಟ್ಟಿಲ ಮೇಲೆ ಹೀಗೆ ಕೂತಿದ್ದಾಗ ಬಾಗಿಲು ತೆರೆಯಿತು. ಬಣ್ಣ ಕಲಸುತ್ತಿದ್ದ ಹುಡುಗಿ ತಲೆ ಹೊರಗೆ ಹಾಕಿದಳು.

"ಇಲ್ಲೇ ಇದ್ದೀರಾ ಅಕ್ಕ? ನಿಮ್ ಬ್ಯಾಗು ಕುರ್ಚಿ ಮೇಲೇ ಇತ್ತಲ್ಲ, ಹಂಗಾಗಿ ದೂರ ಹೋಗಿರಲ್ಲ ಅಂತ ಹುಡುಕ್ಕೊಂಡ್ ಬಂದೆ. ತಂದ್ಕೊಡ್ಲಾ?"

ಅವಳ ಬೆನ್ನ ಹಿಂದಿನಿಂದ ಆ ವಾಸನೆ ಮತ್ತೆ ಬಂತು. ನಾನು ಟವೆಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಎದ್ದೆ.

"ಬೇಡಮ್ಮ. ಅಲ್ಲೇ ಇರ್ಲಿ, ನಾನೇ ಬಂದು ತಗೋತೀನಿ."