ದೂರ ನೋಡುವ ಪಾಠ

ನನ್ನ ಹೆಂಡತಿ ಅನ್ನಕ್ಕುಟ್ಟಿ ಟೀಚರಿಗೆ ಹಟ ಹುಟ್ಟಿನಿಂದಲೇ ಬಂದದ್ದು. ವಾರದಲ್ಲಿ ಮೂರು ದಿನ ಶಾಲೆ, ಎರಡು ದಿನ ಮನೆಯಲ್ಲೇ ಫೋನಿನ ಪಾಠ ಎಂದು ಆದೇಶ ಬಂದಾಗ ಉಳಿದ ಟೀಚರುಗಳೆಲ್ಲ ತಲೆಯಾಡಿಸಿದರು. ಇವಳೊಬ್ಬಳೇ, "ಮಕ್ಕಳ ಕಣ್ಣೇನು ಕಲ್ಲಾ?" ಎಂದು ಕೇಳಿದಳು.

ಕೇಳಿ ಸುಮ್ಮನಾದಳೇ? ತನ್ನ ಮೂರನೇ ತರಗತಿಗೆ ತಾನೇ ಕಾನೂನು ಮಾಡಿದಳು. ಸ್ವಲ್ಪ ಹೊತ್ತು ಪಾಠ, ಆಮೇಲೆ ಫೋನು ಮಗುಚಿಟ್ಟು ಅಂಗಳಕ್ಕೆ ಓಡಬೇಕು, ದೂರ ನೋಡಿ ಬಂದು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು. ವರ್ಕಿಯ ಬಾತುಕೋಳಿಗಳು ಗದ್ದೆಯ ಯಾವ ಮೂಲೆಯಲ್ಲಿವೆ? ಅಚ್ಚಾಯನ ದೋಣಿ ಯಾವ ದಡದಲ್ಲಿದೆ? ಅಚ್ಚಾಯ ಎಂದರೆ ನಾನೇ, ಈ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೋಣಿಗಾರ ಔಸೇಪ್ಪು.

"ನಾನೇನು ನಿನ್ನ ಪಾಠದ ಪುಸ್ತಕವೇನೇ?" ಎಂದು ರೇಗಿದೆ.

"ಪುಸ್ತಕವಾಗಿದ್ರೆ ಮುಚ್ಚಿಡ್ತಿದ್ದೆ, ಅಚ್ಚಾಯಾ. ನಿಮ್ಮ ಬಾಯಿ ಮುಚ್ಚೋಕಾಗಲ್ವಲ್ಲ!"

ಆದರೆ ಮಕ್ಕಳ ಮನೆಯವರು ಗೊಣಗಿದರು. ನನ್ನ ದೋಣಿಯಲ್ಲೇ ಕೂತು, ಬಾತುಕೋಳಿ ತೋರಿಸೋಕೆ ಟೀಚರಿಗೆ ಸಂಬಳವಾ ಎಂದರು. ಕೊನೆಗೆ ಹೆಡ್‌ಮಾಸ್ಟರ್ ಕುರುವಿಳ ಸಾರ್ ಎಲ್ಲರನ್ನೂ ಸಭೆಗೆ ಕರೆದರು. ಬೇಡವೆಂದು ಜನ ಹೇಳಿದರೆ ದೂರ ನೋಡುವ ಪಾಠ ಅಲ್ಲಿಗೆ ನಿಂತಂತೆ. ಅಂದು ಬೆಳಿಗ್ಗೆ ಅವಳು ಮರಗೆಣಸು, ಮೀನುಸಾರು ಮುಟ್ಟಲಿಲ್ಲ. ನನಗೆ ಸಂಕಟವಾಯಿತು. ದೋಣಿ ಕಟ್ಟಿಹಾಕಿ ನಾನೂ ಹೋದೆ.

ಸಭೆಯಲ್ಲಿ ಎಲ್ಲರಿಗಿಂತ ಜೋರು ರಾಹೇಲಮ್ಮಚ್ಚಿ. ಮೊಮ್ಮಗಳು ಜಿನ್ಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಶುರುಮಾಡಿದರು.

"ಆ ಹಾಳು ಬಾತುಕೋಳಿ ನೋಡಿ ನೋಡಿ ನನ್ನ ಕಣ್ಣೇ ಬಿದ್ದುಹೋಯ್ತು ಟೀಚರೇ!"

ಜನ ಗೊಳ್ಳೆಂದು ನಕ್ಕರು. "ಅಮ್ಮಚ್ಚೀ, ಪಾಠ ಮೊಮ್ಮಗಳಿಗಾ, ನಿಮಗಾ?" ಎಂದರು ಕುರುವಿಳ ಸಾರ್.

"ಏನ್ಮಾಡ್ಲಿ ಸಾರ್? ಇವಳು ಕಾಣಲ್ಲ, ಕಾಣಲ್ಲ ಅಂತ ಅಳ್ತಾಳೆ. ಬೈಸ್ಕೊಳ್ಳೋದ್ಯಾಕೆ ಪಾಪ ಅಂತ ನಾನೇ ನೋಡಿ ಹೇಳ್ಕೊಡ್ತೀನಿ."

ಅನ್ನಕ್ಕುಟ್ಟಿಯ ಮುಖ ಬಿಳಿಚಿತು. ಶಾಲೆಯಲ್ಲಿ ಜಿನ್ಸಿ ಕೂರುವುದು ಮುಂದಿನ ಬೆಂಚಿನಲ್ಲಿ, ಬೋರ್ಡಿನ ಹತ್ತಿರವೇ; ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಹುಡುಗಿಯ ಕೈಹಿಡಿದು ಕಿಟಕಿಗೆ ಕರೆದೊಯ್ದಳು.

"ಮೋಳೇ, ಅಚ್ಚಾಯನ ದೋಣಿ ಮೇಲಿನ ಬಾವುಟ ಯಾವ ಬಣ್ಣ, ಹೇಳು."

ಜಿನ್ಸಿ ಕಣ್ಣು ಕಿರಿದುಮಾಡಿದಳು. "ದೋಣಿ ಎಲ್ಲಿದೆ, ಟೀಚರ್?"

ದೋಣಿ ಶಾಲೆಯೆದುರಿನ ಕಡವಿನಲ್ಲೇ ಇತ್ತು. "ಅಯ್ಯೋ ಕರ್ತನೇ, ಸೋಮಾರಿತನ ಅಂದ್ಕೊಂಡ್ನಲ್ಲೇ ಮಗಳೇ!" ಎಂದು ಅಮ್ಮಚ್ಚಿ ಅವಳನ್ನು ತಬ್ಬಿಕೊಂಡರು. ಪಾಠ ಬೇಡವೆಂದು ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಕುರುವಿಳ ಸಾರ್ ಅದನ್ನು ಎಲ್ಲ ತರಗತಿಗೂ ಹಾಕಿದರು. ಇವಳು ಜಿನ್ಸಿಯನ್ನು ಆಲಪ್ಪುಳದ ಕಣ್ಣಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದಳು.

ಮುಂದಿನ ಫೋನ್ ಪಾಠದ ದಿನ ನಾನು ಗಂಜಿ ಕುಡಿದು, ದೋಣಿಯಲ್ಲಿ ಹಾಗೇ ಒರಗಿದ್ದೆ. ಯಥಾಪ್ರಕಾರ ಟೀಚರ ಪ್ರಶ್ನೆ, ಅಚ್ಚಾಯನ ದೋಣಿ ಎಲ್ಲಿದೆ? ಜಿನ್ಸಿ ಅಂಗಳಕ್ಕೆ ಹೋಗಿ ಬಂದವಳೇ ಇಡೀ ತರಗತಿಗೆ ಕೇಳುವಂತೆ ಕೂಗಿದಳಂತೆ.

"ಆಚೆ ದಡದಲ್ಲಿದೆ ಟೀಚರ್! ಈಚೆ ಜನ ಕಾಯ್ತಿದಾರೆ, ಅಚ್ಚಾಯ ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಿದಾರೆ!"

ಸಂಜೆ ಮನೆಯಲ್ಲಿ ನನಗೆ ಸರಿಯಾಗಿ ಮಂಗಳಾರತಿಯಾಯಿತು. ಆದರೆ ಬೈಯುತ್ತ ಬೈಯುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಷ್ಟು ದೂರದಿಂದ ನಿಮ್ಮ ಬಾಯಿ ತೆರೆದಿದ್ದೂ ಕಾಣ್ತಂತೆ, ಅಚ್ಚಾಯಾ!"