ದೊಡ್ಡ ಸೊಸೆಗೆ ಸಿಕ್ಕ ಕೆಲಸ

ಮೂರನೇ ಮನೆಯಲ್ಲಿ ಹಾಲು ಸೀದರೆ ಆ ಮನೆಯವರಿಗಿಂತ ಮೊದಲು ದೊಡ್ಡ ಸೊಸೆಗೆ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಗಂಡನ ಪಕ್ಕ ಕೂತವನು ಬೀಡಿ ಸೇದುವವನೋ ಮೀನು ಮಾರುವವನೋ ಎಂದು, ಗಂಡ ಚಪ್ಪಲಿ ಬಿಡುವ ಮೊದಲೇ ಹೇಳಿಬಿಡುತ್ತಿದ್ದಳು. ಚಿಕ್ಕ ಸೊಸೆಯ ಮೂಗು ಎಲ್ಲರ ಮೂಗಿನಂತೆ. ಅನ್ನ ತಳ ಹಿಡಿದ ಮೇಲೆ ಒಲೆ ಆರಿಸುತ್ತಿದ್ದಳು.

ಊರಾಚೆಯ ಕಸ ಸಂಸ್ಕರಣಾ ಘಟಕಕ್ಕೆ ವಾಸನೆ ಅಳೆಯುವವರು ಬೇಕಂತೆ ಎಂಬ ಸುದ್ದಿ ಬಂದಾಗ, ಇದು ತನಗೆಂದೇ ಹುಟ್ಟಿದ ಕೆಲಸ ಎಂದುಕೊಂಡಳು ದೊಡ್ಡ ಸೊಸೆ. ಹೊರಗೆ ಹೋಗಿ ದುಡಿಯಬೇಕೆಂಬುದು ಅವಳ ಬಹುದಿನದ ಆಸೆ. ಒಬ್ಬಳೇ ಹೋಗಲು ಅಳುಕಾಗಿ ಓರಗಿತ್ತಿಯನ್ನೂ ಎಳೆದುಕೊಂಡು ಹೋದಳು.

ಅಲ್ಲಿ ಆಯ್ಕೆಗೊಂದು ಪರೀಕ್ಷೆಯಿತ್ತು. ಕಸದ ರಾಶಿಯ ಮೇಲಿನ ಗಾಳಿಯನ್ನು ಚೀಲದಲ್ಲಿ ತುಂಬಿ ತಂದು, ಶುದ್ಧ ಗಾಳಿ ಬೆರೆಸಿ ನಳಿಕೆಯಲ್ಲಿ ಬಿಡುತ್ತಿದ್ದರು. ಮೊದಲು ತೀರಾ ತೆಳು, ಆಮೇಲೆ ಸ್ವಲ್ಪಸ್ವಲ್ಪವೇ ಗಾಢ. ವಾಸನೆ ಬಂದ ಕೂಡಲೇ ಗುಂಡಿ ಒತ್ತಬೇಕು. ಉಳಿದವರು ನಳಿಕೆಗೆ ಮೂಗು ಹೊಂದಿಸುತ್ತಿರುವಾಗಲೇ ದೊಡ್ಡ ಸೊಸೆ ಒತ್ತಿಯಾಗಿತ್ತು. ಸಾಲದ್ದಕ್ಕೆ, ಕೊಳೆತದ್ದು ಕೋಸು, ಜೊತೆಗೆ ಒದ್ದೆ ರಟ್ಟು ಎಂಬ ವಿವರಣೆ ಬೇರೆ.

ಪರೀಕ್ಷೆ ಮಾಡುತ್ತಿದ್ದ ಮೇಡಂ ನಕ್ಕರು. "ನಿಮ್ಮ ಮೂಗು ಬಹಳ ಚುರುಕಮ್ಮ, ಅದಕ್ಕೇ ಆಗಲ್ಲ. ಸಾಮಾನ್ಯ ಜನಕ್ಕೆ ಎಷ್ಟು ವಾಸನೆ ಬರುತ್ತೆ ಅಂತ ನಾವು ಅಳೆಯೋದು. ನಿಮ್ಮನ್ನ ನಂಬಿದ್ರೆ ನಾಳೆನೇ ಇಲ್ಲಿಗೆ ಬೀಗ ಹಾಕಬೇಕು."

ಚಿಕ್ಕ ಸೊಸೆ ಆಯ್ಕೆಯಾದಳು. ದೊಡ್ಡವಳು ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

"ಚೆನ್ನಾಗಿ ಬರೆದವರನ್ನೇ ಫೇಲ್ ಮಾಡೋ ಪರೀಕ್ಷೆ ಯಾವುದೇ ಇದು?" ಎಂದು ಅತ್ತೆ ಕೇಳಿದ್ದಕ್ಕೆ ಪಾತ್ರೆಗಳೇ ಸದ್ದು ಮಾಡಿ ಉತ್ತರ ಕೊಟ್ಟವು.

ಅಳೆಯುವವರ ಮೈಯಲ್ಲಿ ಯಾವ ಪರಿಮಳವೂ ಇರಕೂಡದೆಂಬುದು ಅಲ್ಲಿನ ನಿಯಮ. ಮೊದಲ ದಿನವೇ ಚಿಕ್ಕ ಸೊಸೆ ತಲೆಯೆಣ್ಣೆಯ ಘಮಕ್ಕೆ ವಾಪಸಾದಳು. ಇನ್ನೊಮ್ಮೆ ಹೀಗಾದರೆ ಕೆಲಸ ಹೋದಂತೆ. ಮುಂದಿನ ಸಲ ಹೊರಡುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾ, ಒಂದ್ಸಲ ಮೂಸಿ ನೋಡೇ" ಎಂದಳು.

ದೊಡ್ಡವಳು ಮುಖ ಊದಿಸಿಕೊಂಡೇ ಇದ್ದಳು, ಆದರೆ ಮೂಗು ಸುಮ್ಮನಿರಬೇಕಲ್ಲ. "ತಲೆ ಪರವಾಗಿಲ್ಲ. ಸೀರೆ ಮಾತ್ರ ಪೆಟ್ಟಿಗೇಲಿ ನುಸಿಗುಳಿಗೆಯ ಪಕ್ಕ ಇಟ್ಟಿದ್ದು. ಬೇರೆ ಉಟ್ಕೋ ಹೋಗು."

ಅಂದಿನಿಂದ ಚಿಕ್ಕ ಸೊಸೆ ಒಮ್ಮೆಯೂ ವಾಪಸಾಗಲಿಲ್ಲ. ಉಳಿದವರು ಮಾತ್ರ ಸೋಪು, ಬೆಳ್ಳುಳ್ಳಿ ಎಂದು ಸರದಿಯಂತೆ ಮನೆಗೆ ಮರಳುತ್ತಿದ್ದರು. ನೀನೊಬ್ಬಳೇ ಹೇಗೆ ಎಂದು ಮೇಡಂ ಕೇಳಿದಾಗ ಅವಳು ಅಕ್ಕನ ವಿಷಯ ಹೇಳಿದಳು. ಮರುವಾರವೇ ದೊಡ್ಡ ಸೊಸೆಗೆ ಕರೆ ಬಂತು: ವಾಸನೆ ಅಳೆಯುವ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರನ್ನೆಲ್ಲ ಮೂಸಿ ಬಿಡುವ ಕೆಲಸ.

ಮೊದಲ ದಿನ ಅವಳು ತಡೆದು ನಿಲ್ಲಿಸಿದ್ದು ಮೇಡಂ ಅವರನ್ನೇ. ಕೈಗೆ ಕ್ರೀಮು ಹಚ್ಚಿಕೊಂಡಿದ್ದರು.