ಸುಡಬೇಕಾಗಿದ್ದ ಕಾರ್ಬನ್ ಹಾಳೆ

ಅರವತ್ತರ ದಶಕದ ಮೊದಲಲ್ಲಿ ನಾನು ಶಿರಾದ ಒಂದು ಕಚೇರಿಗೆ ಟೈಪಿಸ್ಟ್ ಆಗಿ ಮಧುಗಿರಿಯಿಂದ ಹೋದೆ. ಬಾಡಿಗೆ ಕೋಣೆ, ಹೋಟೆಲ್ ಊಟ. ನನಗೆ ಮಾತು ಕಡಿಮೆ; ಮೂಗಬಸವ ಎಂದು ಕರೆದು ಗುಮಾಸ್ತರು ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರು. “ಊಟ ಆಯ್ತಾ ಸ್ವಾಮಿ?” ಎಂದು ದಿನಾ ಕೇಳುತ್ತಿದ್ದವರು ಜವಾನ ಸಾಬರೊಬ್ಬರೇ. ಅವರೊಡನೆ ಇನ್ನೆರಡು ಮಾತಾಡುವ ಆಸೆಗೆ “ಇಲ್ಲ” ಎಂದು ಸುಳ್ಳು ಹೇಳಿದ್ದೂ ಉಂಟು.

ಕಾರ್ಬನ್ ಹಾಳೆಯನ್ನು ಮಸಿ ಸವೆಯುವ ತನಕ ಬಳಸುತ್ತಿದ್ದೆವು. ಅಕ್ಷರದ ಮೇಲೆ ಅಕ್ಷರ ಬಿದ್ದು ಅದರಲ್ಲಿ ಏನೂ ಓದಲಾಗುತ್ತಿರಲಿಲ್ಲ. ನೌಕರರ ಮೇಲಿನ ಗುಪ್ತ ವರದಿಯನ್ನು ಮಾತ್ರ ಸಾಹೇಬರೇ ಎರಡು ಬೆರಳಲ್ಲಿ ಕುಟ್ಟುತ್ತಿದ್ದರು, ಹೊಸ ಕಾರ್ಬನ್ ಇಟ್ಟು. ಒಂದೇ ಸಲ ಬಳಸಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಇಡೀ ವರದಿ ಎದ್ದು ಕಾಣುತ್ತದೆ. ಆದ್ದರಿಂದ ಜವಾನನ ಎದುರಿಗೆ ಅದನ್ನು ಸುಟ್ಟು ಬೂದಿ ಕೆದಕಿ ಬರುವುದು ನನ್ನ ಕೆಲಸ.

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನನ್ನ ಬಗ್ಗೆ ಏನು ಬರೆದಿದ್ದಾರೋ ಎಂಬ ಪುಕ್ಕಲಿಗೆ ಒಂದು ದಿನ ಹಾಳೆಯನ್ನು ಕಿಟಕಿಗೆ ಹಿಡಿದೆ. ಇದ್ದದ್ದು ಸಾಬರ ಹೆಸರು. ಕಣ್ಣು ಮಂಜಾಗಿದೆ, ಟಪಾಲು ತಪ್ಪು ಮನೆಗೆ ಹೋಗುತ್ತಿದೆ, ತಿಂಗಳೊಳಗೆ ಸುಧಾರಿಸದಿದ್ದರೆ ತೆಗೆದುಹಾಕಬೇಕು. ನನ್ನ ಹೆಸರಿಲ್ಲವೆಂದು ಮೊದಲು ಸಮಾಧಾನವೇ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹಿತ್ತಲಲ್ಲಿ ಸಾಬರೇ ಕಡ್ಡಿ ಗೀರಿದರು. ಎರಡು ಸಲ ಪೆಟ್ಟಿಗೆಯ ಪಕ್ಕಕ್ಕೆ ಗೀರಿ, “ಬಿಸ್ಲು ಕಣ್ ಸ್ವಾಮಿ, ಕಾಣಾಕಿಲ್ಲ” ಎಂದು ನಕ್ಕರು. ಅವರ ನೌಕರಿಯ ಸುದ್ದಿ ಅವರ ಕೈಯಲ್ಲೇ ಉರಿದುಹೋಯಿತು.

“ಕನ್ನಡಕ ಹಾಕಿಸಿಕೊಳ್ಳಿ” ಎಂದಿದ್ದರೆ ಸಾಕಿತ್ತು. ಗುಟ್ಟು ಬಿಟ್ಟುಕೊಡದೆಯೂ ಅಷ್ಟು ಹೇಳಬಹುದಿತ್ತು. ಎಷ್ಟೋ ವರ್ಷದ ಮೇಲೆ ಇದು ಹೊಳೆಯಿತು ಎಂದರೆ ಸುಳ್ಳಾಗುತ್ತದೆ. ಆ ವಾರವೇ ಹೊಳೆದಿತ್ತು. ಯಾಕೆ ಹೇಳಿದೆ ಎಂದು ಯಾರಾದರೂ ಕೇಳಿಯಾರೆಂಬ ಹೆದರಿಕೆಗೆ ತುಟಿ ಪಿಟಕ್ಕೆನ್ನಲಿಲ್ಲ. ಅವರ ಮುಖ ನೋಡಲಾಗದೆ, ಅವರು ಬರುವ ಹೊತ್ತಿಗೆ ಎದ್ದುಹೋಗುತ್ತಿದ್ದೆ.

ತಿಂಗಳು ತುಂಬಿದ ಮೇಲೆ ಸಾಬರನ್ನು ಕೆಲಸದಿಂದ ತೆಗೆದ ಆರ್ಡರ್ ಬಂತು. ಅವರು ಅದನ್ನು ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು.

“ಟೈಪಿಸ್ಟ್‌ಗೆ ಮೊದ್ಲೇ ಗೊತ್ತಿತ್ತು ಅಂತಾವ್ರೆ ಗುಮಾಸ್ತ್ರು, ಸ್ವಾಮಿ. ಗೊತ್ತಿದ್ರೆ ನಂಗೆ ಹೇಳ್ದೆ ಇರ್ತಿದ್ರಾ? ಚೆನ್ನಾಗಿ ಬೈದ್‌ಬುಟ್ಟೆ ಅವ್ರಿಗೆ.”

ನಾನು ಮಿಷಿನ್ನಿನ ಕೀಲಿಗಳನ್ನು ನೋಡುತ್ತಾ ಕೂತೆ. ನನಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಭುಜ ತಟ್ಟಿ, “ನಂಗೆ ಅಂತ ಇಲ್ಲಿ ನೀವೊಬ್ರು ಇದ್ರಿ” ಎಂದು ಮೆಟ್ಟಿಲು ತಡವುತ್ತಾ ಇಳಿದುಹೋದರು.